ಪಿರಿ ಲೂಸು, ಪಿರಿ ಬಿಗಿ

ತಲೆ ನೆಟ್ಟಗಿಲ್ಲದವನನ್ನು ನಮ್ಮ ಕಾಸರಗೋಡಿನ ಕಡೆ 'ಪಿರಿ ಲೂಸು' ಎನ್ನುತ್ತಾರೆ. ಪಿರಿ ಅಂದರೆ ಬೋಲ್ಟು, ನಟ್ಟುಗಳ ಸುರುಳಿ ಗೆರೆ. ಪಿರಿ ಅತಿಯಾಗಿ ಬಿಗಿದವನಿಗೆ ಮಾತ್ರ ಹೆಸರಿಟ್ಟಿಲ್ಲ. ಭಾನುವಾರ ಅಂಗಳದಲ್ಲಿ ಬೈಕು ಬಿಚ್ಚಿಕೊಂಡು ಕೂರುವವರಲ್ಲಿ ಹೆಚ್ಚಿನವರು ಈ ಎರಡನೇ ಜಾತಿ.

ಬೋಲ್ಟು ಒಂದು ಬಗೆಯ ಸ್ಪ್ರಿಂಗು. ಬಿಗಿದಾಗ ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ. ಹಿಂದಕ್ಕೆ ಕುಗ್ಗಲು ಅದು ಹವಣಿಸುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಮದ್ದಳೆಯ ಬಾರನ್ನು ಶ್ರುತಿ ಕೂಡುವಷ್ಟೇ ಎಳೆಯುತ್ತಾರಲ್ಲ, ಹಾಗೆ. ಮಿತಿ ಮೀರಿದರೆ ಬೋಲ್ಟು ಎಳೆದಲ್ಲೇ ಉಳಿಯುತ್ತದೆ, ಆಮೇಲೆ ತುಂಡಾಗುತ್ತದೆ.

ಸ್ಪಾನರಿಗೆ ಕೊಟ್ಟ ಬಲದಲ್ಲಿ ಸುಮಾರು ಅರ್ಧವನ್ನು ಬೋಲ್ಟಿನ ತಲೆಯಡಿಯ ಘರ್ಷಣೆ ತಿನ್ನುತ್ತದೆ, ಶೇ. 40ರಷ್ಟನ್ನು ಪಿರಿಯ ಘರ್ಷಣೆ. ಬೋಲ್ಟನ್ನು ಎಳೆಯಲು ಸಿಗುವುದು ಶೇ. 10 ಮಾತ್ರ. ಉಪ್ಪಳದಿಂದ ಬೇಕಲದವರೆಗೆ ಕಡಲಗಾಳಿಗೆ ತುಕ್ಕು ಹಿಡಿದ ಬೋಲ್ಟು ಕೈಗೆ ಗಟ್ಟಿಯಾಗಿ ಸಿಕ್ಕರೂ ಒಳಗೆ ಹಿಡಿತವಿಲ್ಲದಿರುವುದು ಇದರಿಂದಲೇ. ಹಾಗೆಂದು ಗ್ರೀಸು ಮೆತ್ತಿ ಅಷ್ಟೇ ಬಲ ಹಾಕಿದರೆ ಎಳೆತ ಹೆಚ್ಚಾಗಿ ಹೋದೀತು. ವೈರ್ ಬ್ರಶ್ಶಿನಲ್ಲಿ ಉಜ್ಜಿ, ಒರೆಸಿ, ಕೈಯಲ್ಲೇ ಕೂರಿಸಿ. ಮೊದಲು ಹಿಂದಕ್ಕೆ ತಿರುಗಿಸುತ್ತ ಹೋದರೆ ಒಂದೆಡೆ 'ಟಕ್' ಎಂದು ಬೀಳುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಅಡ್ಡಪಿರಿ ಆಗುವುದಿಲ್ಲ, ಅಂದರೆ ಬೋಲ್ಟು ಓರೆಯಾಗಿ ಪಿರಿ ಹತ್ತುವುದಿಲ್ಲ. ಎರಡು ಮೂರು ಸುತ್ತು ಬೆರಳಿಗೆ ಬಾರದ ಬೋಲ್ಟಿಗೆ ಸ್ಪಾನರ್ ತಾಗಿಸಲೇಬಾರದು.

ಎಂಜಿನ್ ಕವರಿನಲ್ಲಿ ಸಾಮಾನ್ಯವಾಗಿ ಇರುವುದು 10ರ ಸ್ಪಾನರಿನ, 6 ಮಿ.ಮೀ. ಬೋಲ್ಟು. ಅದಕ್ಕೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಅಂದರೆ ತಲೆಯಿಂದ 10 ಸೆಂ.ಮೀ. ದೂರದಲ್ಲಿ ಹಿಡಿದು 10 ಕಿಲೋ ಭಾರದಷ್ಟು ಎಳೆತ. ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ ರಿಂಗ್ ಸ್ಪಾನರನ್ನು ತುದಿಯಲ್ಲಿ ಹಿಡಿಯದೆ ನಡುವಿನಲ್ಲಿ ಹಿಡಿಯಿರಿ. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಕೂರಿಸಿ, ಎದುರುಬದುರಾಗಿ ಎರಡು ಮೂರು ಸಲದಲ್ಲಿ ಬಿಗಿಯಬೇಕು. ಒಂದರ ಪಕ್ಕದಲ್ಲಿ ಒಂದನ್ನು ಸಾಲಾಗಿ ಬಿಗಿದುಕೊಂಡು ಹೋದರೆ ಕವರು ಓರೆಯಾಗಿ ಕೂರುತ್ತದೆ.

ಎಂಜಿನ್ನಿನ ಅಡಿಯಲ್ಲಿ ಹಳೆ ಆಯಿಲ್ ಇಳಿಸಲು ಬಿಚ್ಚುವ ಆಯಿಲ್ ಡ್ರೈನ್ ಬೋಲ್ಟು ಎಲ್ಲಕ್ಕಿಂತ ಅಪಾಯದ್ದು. ಉಕ್ಕಿನ ಬೋಲ್ಟು, ಅಲ್ಯೂಮಿನಿಯಮ್ಮಿನ ಪಿರಿ. ಸೋಲುವುದು ಯಾರೆಂದು ಹೇಳಬೇಕಾಗಿಲ್ಲ. ಒಂದು ಹನಿ ಜಿನುಗಿದ ಕೂಡಲೇ ಇನ್ನರ್ಧ ಸುತ್ತು ಕೊಡುವವರೇ ಜಾಸ್ತಿ. ತಪ್ಪು ಬಹಳ ಸಲ ವಾಷರಿನದ್ದು: ಒಮ್ಮೆ ಚಪ್ಪಟೆಯಾದ ತಾಮ್ರದ ಅಥವಾ ಅಲ್ಯೂಮಿನಿಯಮ್ ವಾಷರು ಮತ್ತೆ ಸರಿಯಾಗಿ ಕೂರುವುದಿಲ್ಲ, ಆಯಿಲ್ ಬದಲಿಸಿದಾಗಲೆಲ್ಲ ಹೊಸದೇ ಬೇಕು. ಪಿರಿ ಕಿತ್ತು ಬಂದರೆ ತೂತು ದೊಡ್ಡದು ಮಾಡಿ ಹೆಲಿಕಾಯಿಲ್, ಅಂದರೆ ಹೊಸ ಪಿರಿಯಾಗಿ ನಿಲ್ಲುವ ತಂತಿಯ ಸುರುಳಿ, ಕೂರಿಸುವುದೊಂದು ದಾರಿ. ಲೇತಿನವರು ತೂತಿನೊಳಗೆ ಟಾರ್ಚು ಬಿಟ್ಟು ನೋಡಿ, ತಲೆ ಎತ್ತದೆ ಕೇಳುತ್ತಾರೆ: "ಸ್ಪಾನರಿಗೆ ಪೈಪು ಹಾಕಿ ಬಿಗಿದದ್ದಾ?"