ಅಳಿಯನ ಮಣೆ

ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಎರಡು ಪದಗಳಿಗೆ ಪುರುಸೊತ್ತೇ ಇರುವುದಿಲ್ಲ. ‘ಹಳಬರಿಗೆ ಕೊಕ್, ಹೊಸಬರಿಗೆ ಮಣೆ.’ 224 ಕ್ಷೇತ್ರಗಳ ಟಿಕೆಟ್ ಹಂಚಿ ಮುಗಿಯುವ ತನಕ ಇದೇ ಕೊಕ್, ಇದೇ ಮಣೆ. ‘ಹಾಕು’ ಅನ್ನುವುದೂ ಬಿಟ್ಟುಹೋಗಿದೆ. ತಲೆಬರಹದಲ್ಲಿ ಜಾಗ ಸಾಲದು, ಪಾಪ.

ಜೋಡಿಯೇನೋ ಚೆನ್ನಾಗಿದೆ. ಖೋ ಖೋ ಆಟದಲ್ಲಿ 8 ಜನ ಕೂತಿರುತ್ತಾರೆ, ಒಬ್ಬ ಅಟ್ಟಿಸಿಕೊಂಡು ಓಡುತ್ತಿರುತ್ತಾನೆ. ಅವನು ಬೆನ್ನು ಮುಟ್ಟಿ ‘ಖೋ’ ಅಂದರೆ ಕೂತವನು ಎದ್ದು ಓಡಬೇಕು. ಮಣೆ ಕೂರಿಸುತ್ತದೆ, ಕೊಕ್ ಎಬ್ಬಿಸುತ್ತದೆ. ತಮಾಷೆ ಅಂದರೆ, ಮೈದಾನದಲ್ಲಿ ಯಾವಾಗ ಕೊಕ್ ಸಿಗುತ್ತೋ ಅಂತ ಹುಡುಗರು ಕಾಯುತ್ತಾರೆ. ಆಡುವ ಸರದಿ ಅಲ್ವಾ ಅದು! ರಾಜಕೀಯದಲ್ಲಿ ಸಿಕ್ಕಿದರೆ ಸೀದಾ ಮನೆಗೆ.

ಇಷ್ಟೊಂದು ಮಣೆ ಹಾಕುವವರ ಮನೆಯಲ್ಲಿ ನಿಜವಾದ ಮಣೆ ಒಂದಾದರೂ ಇದೆಯೋ ಇಲ್ಲವೋ. ನಮ್ಮ ಮನೆಯದು ವರ್ಷಕ್ಕೆ ಎರಡೇ ಸಲ ಅಟ್ಟದಿಂದ ಇಳಿಯುತ್ತದೆ. ಗಣೇಶನನ್ನು ಕೂರಿಸಲು ಒಮ್ಮೆ, ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಳ್ಳಲು ಇನ್ನೊಮ್ಮೆ.

ಅಜ್ಜಿಯ ಮನೆಯಲ್ಲಿ ಹಾಗಿರಲಿಲ್ಲ. ಊಟದ ಕೋಣೆಯ ಗೋಡೆಗೆ ಏಳೆಂಟು ಮಣೆಗಳು ಒರಗಿ ನಿಂತಿರುತ್ತಿದ್ದವು. ಹಲಸಿನ ಮರದವು. ಎತ್ತರ ನಾಲ್ಕು ಬೆರಳು, ಅಷ್ಟೆ. ಆದರೆ ಆ ನಾಲ್ಕು ಬೆರಳಿನಲ್ಲಿ ಏನೇನು ಲೆಕ್ಕಾಚಾರ! ಮೂಲೆಗೆ ಹಿತ್ತಾಳೆಯ ಹೂ ಬಡಿದ ಅಗಲದ ಮಣೆ ಅಳಿಯನಿಗೆ. ಅಳಿಯ ಬರದಿದ್ದರೆ ಪುರೋಹಿತರಿಗೆ. ಕೂತು ಕೂತು ನುಣುಪಾದದ್ದು ಅಜ್ಜನದು. ಅಡಿಪಟ್ಟಿ ಸವೆದು ಟಕ್ ಟಕ್ ಅನ್ನುತ್ತಿದ್ದದ್ದು ಮದುವೆಯಾಗದ ಚಿಕ್ಕಪ್ಪನಿಗೆ. ಮಕ್ಕಳಿಗೆ ನೆಲ. ಒಮ್ಮೆ ಸುಮ್ನೆ ಅಳಿಯನ ಮಣೆಯ ಮೇಲೆ ಕೂತು ಬೈಸಿಕೊಂಡಿದ್ದೆ. ಇಷ್ಟೂ ಮಣೆ ಹಾಕುತ್ತಿದ್ದವಳು ಅಜ್ಜಿ. ಅವಳು ಕೂತದ್ದನ್ನು ನಾನು ನೋಡಿದ್ದು ಈಳಿಗೆಮಣೆಯ ಮೇಲೆ ಮಾತ್ರ.

ಈಚೆಗೆ ಊರಿಗೆ ಹೋದಾಗ ಅತ್ತೆ ಅದೇ ಹಿತ್ತಾಳೆ ಹೂವಿನ ಮಣೆ ಹಾಕಿ ಎಲೆ ಇಟ್ಟರು. ಕೊನೆಗೂ ನನ್ನ ಸರದಿ! ಬಗ್ಗಲು ಹೋದರೆ ಮಂಡಿ ಕೇಳಲಿಲ್ಲ.

“ಕುರ್ಚಿ ಇದ್ರೆ ಕೊಡಿ ಅತ್ತೆ.”

“ಅಯ್ಯೋ, ನಿಂಗೂ ಶುರುವಾಯ್ತಾ?”

ಪ್ಲಾಸ್ಟಿಕ್ ಕುರ್ಚಿ ಬಂತು, ಸ್ಟೂಲಿನ ಮೇಲೆ ಎಲೆ ಬಂತು. ನನಗೆ ಅನ್ನ, ಹುಳಿ ಬಡಿಸಿ ಮುಗಿಸಿದ ಅತ್ತೆ, ತಮ್ಮ ತಟ್ಟೆ ಹಿಡಿದು ಬಂದು ಆ ಮಣೆಯ ಮೇಲೆ ಆರಾಮಾಗಿ ಕೂತುಬಿಟ್ಟರು.