ತೊಟ್ಟಿಲು ಕಟ್ಟಿ, ಟ್ಯಾಂಕರಿಗೆ ಕಾಯಿರಿ

ನಮ್ಮೂರ ಆಸ್ಪತ್ರೆಯ ಗೋಡೆಯ ಮೇಲೆ ಕೆಂಪು ತ್ರಿಕೋನ, ಅದರ ಪಕ್ಕದಲ್ಲಿ ‘ಚಿಕ್ಕ ಸಂಸಾರ, ಚೊಕ್ಕ ಸಂಸಾರ’. ನಾವು ಒತ್ತಕ್ಷರ ಕಲಿತದ್ದೇ ಆ ಗೋಡೆಯನ್ನು ಕೂಡಿಸಿ ಓದಿ. ಆರತಿಗೊಬ್ಬಳು, ಕೀರ್ತಿಗೊಬ್ಬ, ಅಲ್ಲಿಗೆ ಮಂಗಳ. ಈ ಪಾಠದಲ್ಲಿ ನಾವು ಮುಂದಿನ ಬೆಂಚಿನವರು. 1930ರಲ್ಲೇ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿತ್ತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ತಾಯಿಗೆ ಸರಾಸರಿ 1.7 ಮಕ್ಕಳು. (ಆ ಮುಕ್ಕಾಲಿಗೆ ತುಸು ಕಡಿಮೆಯಾದ ಮಗುವನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತದೆ ಎಂದು ಕೇಳಬೇಡಿ.)

ಈಗ ಪಠ್ಯಪುಸ್ತಕ ಪರಿಷ್ಕರಣೆಯಾಗಿದೆ. 2022ರ ನವೆಂಬರ್ 15ಕ್ಕೆ ಭೂಮಿಯ ಮೇಲೆ 800 ಕೋಟಿ ಜನ ಎಂದು ವಿಶ್ವಸಂಸ್ಥೆ ಸಾರಿತು. ಮರುವರ್ಷ ನಾವು ಚೀನಾವನ್ನೂ ಹಿಂದಿಕ್ಕಿದೆವು. ಇಷ್ಟು ಸಾಲದೆಂದು 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು, ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರಷ್ಟೇ ಸ್ಥಳೀಯ ಚುನಾವಣೆಗೆ ನಿಲ್ಲುವಂಥ ಕಾನೂನಿನ ಮಾತಾಡಿದರು. ಅದೇ ರಾಜ್ಯದಲ್ಲಿ ಅಲ್ಲಿಯವರೆಗೆ, ಎರಡಕ್ಕಿಂತ ಹೆಚ್ಚಿದ್ದರೆ ನಿಲ್ಲುವಂತಿಲ್ಲ ಎಂಬ ಕಾನೂನಿತ್ತು! ಅದೇ ತಿಂಗಳು ಸ್ಟಾಲಿನ್ ಅವರು ಚೆನ್ನೈನ ಸಾಮೂಹಿಕ ಮದುವೆಯಲ್ಲಿ ಹದಿನಾರು ಮಕ್ಕಳ ಪ್ರಸ್ತಾಪ ತೆಗೆದರು. ಡಿಸೆಂಬರಿನಲ್ಲಿ ನಾಗಪುರದಿಂದ ಮೋಹನ್ ಭಾಗವತ್ ಅವರ ಸಲಹೆ: ಕನಿಷ್ಠ ಮೂರು. ಒಬ್ಬರಿಗೆ ಮುದುಕರು ಹೆಚ್ಚುವ ಚಿಂತೆ, ಒಬ್ಬರಿಗೆ ಸಂಸತ್ತಿನ ಸೀಟಿನ ಚಿಂತೆ, ಇನ್ನೊಬ್ಬರಿಗೆ ಸಮಾಜವೇ ಅಳಿದೀತೆಂಬ ಚಿಂತೆ. ಎಣ್ಣೆ ಸೀಗೆಕಾಯಿಯಂಥವರು ಒಂದೇ ತೊಟ್ಟಿಲು ತೂಗುವ ಭಾಗ್ಯ ನಮ್ಮ ಕಣ್ಣಿಗೆ ಬಿತ್ತು.

ಸೀಟಿನ ಅಳಲು ಸುಳ್ಳಲ್ಲ. ರಾಜ್ಯಗಳಿಗೆ ಲೋಕಸಭೆಯ ಸೀಟು ಹಂಚಿರುವುದು 1971ರ ಜನಗಣತಿಯ ಲೆಕ್ಕದಲ್ಲಿ. ಹೊಸ ಲೆಕ್ಕ ಬಂದರೆ ಹೆಚ್ಚು ಹೆತ್ತ ರಾಜ್ಯಕ್ಕೆ ಹೆಚ್ಚು ಸೀಟು, ಪಾಠ ಕಲಿತವನಿಗೇ ಅಂಕ ಕಡಿತ. ಆದರೆ ಅದಕ್ಕೆ ಮದ್ದು ಹೆರಿಗೆ ಕೋಣೆಯಲ್ಲಿದೆ ಎಂದವರು ನಲ್ಲಿಯನ್ನೊಂದು ಮಾತು ಕೇಳಿದಂತಿಲ್ಲ.

ಬೆಂಗಳೂರಿನ ನಲ್ಲಿ ಹೇಳೀತು. ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಮೇಲಕ್ಕೆತ್ತಿ ಇಲ್ಲಿಗೆ ತರುತ್ತಾರೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವಿತ್ತು. ಕಾರು ತೊಳೆಯದೆ ಇರಬಹುದು, ಮಗುವನ್ನು?

ಹಾಗಾಗಿ ಈ ನಗರದ ನಿಜವಾದ ಜನಸಂಖ್ಯಾ ನೀತಿಯನ್ನು ರೂಪಿಸುವವರು ಮನೆ ಮಾಲೀಕರು. ಮೊನ್ನೆ ಅಕ್ಕನ ಮಗನಿಗೆ ಬಾಡಿಗೆ ಮನೆ ನೋಡಲು ಹೋಗಿದ್ದೆ. ಹೊಸದಾಗಿ ಮದುವೆಯಾದ ಜೋಡಿ. ಮಾಲೀಕರು ಜಾತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ. ಸಂಪಿನ ಮುಚ್ಚಳ ಸರಿಸಿ, ಒಳಗೆ ಟಾರ್ಚ್ ಬಿಟ್ಟು, ತಳದಲ್ಲಿ ಮಿನುಗುತ್ತಿದ್ದ ಒಂದಡಿ ನೀರನ್ನು ತೋರಿಸುತ್ತಾ ಕೇಳಿದರು: “ಎಷ್ಟು ಜನ ಇರುತ್ತೀರಿ?”

“ಇಬ್ಬರೇ, ಸರ್.”

“ಊರಿನಿಂದ ಅಪ್ಪ ಅಮ್ಮ?”

“ಹಬ್ಬಕ್ಕೆ ಬರುತ್ತಾರೆ.”

“ಹಬ್ಬ ಎಂದರೆ ಎಷ್ಟು ದಿನ?”

ನಾನು ನಡುವೆ ಬಾಯಿ ಹಾಕಿ, “ಯಜಮಾನರೇ, ದೊಡ್ಡವರೆಲ್ಲ ಮೂರು ಬೇಕು, ಹದಿನಾರು ಬೇಕು ಎನ್ನುತ್ತಿದ್ದಾರೆ. ನೀವು ಅಜ್ಜ ಅಜ್ಜಿಯನ್ನೇ ಒಳಗೆ ಬಿಡುತ್ತಿಲ್ಲವಲ್ಲ” ಎಂದೆ.

“ಹದಿನಾರಾಗಲಿ, ಸಂತೋಷ. ಟ್ಯಾಂಕರಿನ ದುಡ್ಡು ಅವರು ಕಳಿಸುತ್ತಾರೋ?” ಎಂದು ಮುಚ್ಚಳ ಎಳೆದರು.

ಮನೆಯೇನೋ ಸಿಕ್ಕಿತು. ಕರಾರುಪತ್ರದಲ್ಲಿ ಗೋಡೆಗೆ ಮೊಳೆ ಹೊಡೆಯಬಾರದೆಂಬ ಸಾಲಿನ ಕೆಳಗೆ ಮಾಲೀಕರು ಕೈಬರಹದಲ್ಲಿ ಒಂದು ಷರತ್ತು ಸೇರಿಸಿದ್ದಾರೆ: ಮಕ್ಕಳ ಸಂಖ್ಯೆ ಒಂದನ್ನು ದಾಟುವುದಾದಲ್ಲಿ ಮೂರು ತಿಂಗಳು ಮುಂಚಿತವಾಗಿ ಲಿಖಿತ ನೋಟಿಸ್ ಕೊಡತಕ್ಕದ್ದು.