ಸತ್ಯಾಂಶ: ಮನೆಗೆ ಸಹಾಯಕರು ಬಂದರೆ ಮಕ್ಕಳು ಕೈಬಿಡುತ್ತಾರಾ?

“ಅಮೆರಿಕದಲ್ಲಿ ವಯಸ್ಸಾದವರ ಮನೆಗೆ ಸರ್ಕಾರವೇ ಜನ ಕಳಿಸುತ್ತೆ, ಅದಕ್ಕೇ ಮಕ್ಕಳು ಆ ಕಡೆ ತಲೆ ಹಾಕಲ್ಲ” ಅಂತ ಒಂದು ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಅಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1980ರ ದಶಕದಲ್ಲಿ ‘ಚಾನೆಲಿಂಗ್’ ಎಂಬ ಸರ್ಕಾರಿ ಪ್ರಯೋಗ 10 ರಾಜ್ಯಗಳಲ್ಲಿ ನಡೆಯಿತು. ಕೈಲಾಗದ ಸಾವಿರಾರು ಹಿರಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ನಾನ ಮಾಡಿಸಲು, ಅಡುಗೆಗೆ, ಮನೆಗೆಲಸಕ್ಕೆ ಹೆಚ್ಚಿನ ನೆರವು. ಜೊತೆಗೆ ಅದೆಲ್ಲ ಹೊಂದಿಸಿಕೊಡಲು ಒಬ್ಬರು. ಇನ್ನೊಂದು ಗುಂಪಿಗೆ ಊರಲ್ಲಿ ಮೊದಲಿಂದ ಸಿಗುತ್ತಿದ್ದಷ್ಟೇ.

ಮನೆಯವರು ಮಾಡುತ್ತಿದ್ದ ಆರೈಕೆ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಹಿರಿಯರಿಗೆ ಯಾರೂ ಮಾಡಿಕೊಡದೆ ಉಳಿದಿದ್ದ ಕೆಲಸಗಳಿಗೆ ಜನ ಸಿಕ್ಕರು. ದಿನಾ ಅಮ್ಮನನ್ನು ಹಾಸಿಗೆಯಿಂದ ಎಬ್ಬಿಸಿ, ಬಚ್ಚಲಿಗೆ ನಡೆಸುವ ಮಗಳಿಗೆ ಇನ್ನೊಂದು ಜೊತೆ ಕೈ ಸಿಕ್ಕರೆ ಅವಳು ಅಮ್ಮನನ್ನು ಬಿಟ್ಟು ಹೋಗುವುದಿಲ್ಲ ಅಲ್ವಾ? ಹಾಗೆ ಅನುಮಾನ ಪಡುವುದೇ ಅನ್ಯಾಯ.

ಈ ಸೇವೆ ಇದ್ದರೆ ಹಿರಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಕೇಂದ್ರಕ್ಕೆ ಸೇರಿಸುವುದು ತಪ್ಪುತ್ತೆ, ಅದರಿಂದ ಸರ್ಕಾರಕ್ಕೆ ದುಡ್ಡು ಉಳಿಯುತ್ತೆ ಅನ್ನುವ ಮಾತನ್ನೂ ಸುಮ್ನೆ ನಂಬಬೇಡಿ. ಚಾನೆಲಿಂಗ್‌ನಲ್ಲಿ ಒಟ್ಟು ಖರ್ಚು ಜಾಸ್ತಿಯೇ ಆಯಿತು. ನೆರವು ಪಡೆದವರಲ್ಲಿ ಬಹಳಷ್ಟು ಜನ ಆ ನೆರವಿಲ್ಲದಿದ್ದರೂ ಆರೈಕೆ ಕೇಂದ್ರಕ್ಕೆ ಸೇರುತ್ತಿರಲಿಲ್ಲ, ಮನೆಯಲ್ಲೇ ಹೇಗೋ ಇರುತ್ತಿದ್ದರು.